ವೃದ್ಧಾಶ್ರಮದಲ್ಲಿ ಔಷಧಿ ಸುರಕ್ಷಿತವಾಗಿ ಇಡುವುದು ಹೇಗೆ: ಕಪಾಟಿನಿಂದ ವಿಲೇವಾರಿವರೆಗೆ ಸಮಗ್ರ ಮಾರ್ಗದರ್ಶಿ

ನಿಮ್ಮ ಆಶ್ರಮದ ಔಷಧಿ ಕಪಾಟು ಎಷ್ಟು ಸರಿಯಾಗಿದೆ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಕಪಾಟಿಗೆ ಕೈ ಹಾಕಿ, ಸಿಕ್ಕ ಒಂದು ಸ್ಟ್ರಿಪ್ ಹೊರಗೆ ತೆಗೆಯಿರಿ. ಇದು ಯಾರದು, ಯಾಕೆ ಕೊಡುತ್ತಿದ್ದೀರಿ, ಎಕ್ಸ್‌ಪೈರಿ ಯಾವಾಗ ಅಂತ ಡ್ಯೂಟಿಯಲ್ಲಿರುವವರನ್ನು ಕೇಳಿ. ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಒಳ್ಳೆಯದು. "ಅದು ಹಿಂದೆ ಇದ್ದ ಅಜ್ಜಿದು", "ಯಾರೋ ದಾನ ಕೊಟ್ಟಿದ್ದು", "ಇರಲಿ, ಯಾರಿಗಾದ್ರೂ ಬೇಕಾಗುತ್ತೆ ಅಂತ ಇಟ್ಟಿದ್ದೀವಿ" ಅನ್ನುವ ಉತ್ತರ ಬಂತೋ, ಅಲ್ಲಿಂದಲೇ ಕೆಲಸ ಶುರು ಮಾಡಬೇಕು.

ವಾರಸುದಾರರಿಲ್ಲದ ಮಾತ್ರೆಯೇ ವೃದ್ಧಾಶ್ರಮದ ದೊಡ್ಡ ಅಪಾಯ ಅಂತ ನನ್ನ ಅಭಿಪ್ರಾಯ. ಕಳ್ಳತನವೂ ಅಲ್ಲ, ಸೆಕೆಯೂ ಅಲ್ಲ. ಕಪಾಟಿನಲ್ಲಿರುವ ಪ್ರತಿ ಸ್ಟ್ರಿಪ್ಪಿಗೂ ಒಬ್ಬ ವ್ಯಕ್ತಿಯ ಹೆಸರು, ಒಂದು ವೈದ್ಯರ ಚೀಟಿ, ಒಂದು ನಿಗದಿತ ಜಾಗ ಇರಬೇಕು. ಇವು ಮೂರೂ ಇಲ್ಲದ್ದು ಆ ಕಪಾಟಿನಲ್ಲಿ ಇರಬಾರದು. ಕೆಳಗಿನ ಹೆಜ್ಜೆಗಳೆಲ್ಲ ಇದನ್ನು ಕೈಗೂಡಿಸುವ ದಾರಿಗಳು. ಹತ್ತರಿಂದ ಐವತ್ತು ಹಿರಿಯರಿರುವ, ಪೂರ್ತಿ ಸಮಯದ ಫಾರ್ಮಸಿಸ್ಟ್ ಇಲ್ಲದ ಆಶ್ರಮಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಸಣ್ಣ ನರ್ಸಿಂಗ್ ಹೋಮ್‌ನವರಿಗೂ ಹೆಚ್ಚಿನದು ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 1: ಎಲ್ಲವನ್ನೂ ಹೊರಗೆ ತೆಗೆಯಿರಿ

ಮಧ್ಯಾಹ್ನದ ಮಾತ್ರೆ ಕೊಟ್ಟಾದ ಮೇಲೆ, ರಾತ್ರಿ ಮಾತ್ರೆಗೆ ಮೊದಲು, ಒಂದೆರಡು ತಾಸು ಬಿಡುವು ಮಾಡಿಕೊಳ್ಳಿ. ಕಪಾಟು, ಆಫೀಸಿನ ಡ್ರಾಯರ್, ಫಸ್ಟ್ ಏಡ್ ಡಬ್ಬ, ದೇವರ ಕೋಣೆಯ ಪಕ್ಕದ ಗೂಡು, ಎಲ್ಲ ಕಡೆ ಇರುವ ಔಷಧಿ ತಂದು ದೊಡ್ಡ ಮೇಜಿನ ಮೇಲೆ ಹರಡಿ. ಫ್ರಿಜ್‌ನಲ್ಲಿರುವುದನ್ನು ಮಾತ್ರ ಹೊರಗೆ ತರಬೇಡಿ, ಅಲ್ಲೇ ನೋಡಿ ಪಟ್ಟಿ ಮಾಡಿ.

ಪಕ್ಕದಲ್ಲಿ ಪ್ರತಿಯೊಬ್ಬರ ಇತ್ತೀಚಿನ ವೈದ್ಯರ ಚೀಟಿ, ಆಸ್ಪತ್ರೆಗೆ ಹೋಗಿ ಬಂದಿದ್ದರೆ ಡಿಸ್ಚಾರ್ಜ್ ಸಮ್ಮರಿ ಇಟ್ಟುಕೊಳ್ಳಿ. ಒಂದೊಂದೇ ಸ್ಟ್ರಿಪ್ ಎತ್ತಿ ಚೀಟಿಗೆ ಹೋಲಿಸಿ. ಈಗಿನ ಚೀಟಿಯಲ್ಲಿದೆ, ಹೆಸರು ಗೊತ್ತು, ಅವಧಿ ಇದೆ ಅನ್ನುವುದು ಮಾತ್ರ ವಾಪಸ್ ಕಪಾಟಿಗೆ ಹೋಗುತ್ತದೆ. ವೈದ್ಯರು ನಿಲ್ಲಿಸಿದ್ದು, ಯಾರದೆಂದು ಗೊತ್ತಿಲ್ಲದ್ದು, ಅವಧಿ ಮುಗಿದದ್ದು ಬೇರೆ ಡಬ್ಬಕ್ಕೆ. ಆ ಡಬ್ಬದ ಮೇಲೆ "ಕೊಡಬಾರದು" ಅಂತ ಕೆಂಪು ಅಕ್ಷರದಲ್ಲಿ ಬರೆದು, ಬೇರೆ ಕೋಣೆಯಲ್ಲಿ ಬೀಗ ಹಾಕಿಡಿ. ಇದನ್ನು ಏನು ಮಾಡಬೇಕು ಅನ್ನುವುದು ಕೊನೆಯ ಹೆಜ್ಜೆಯಲ್ಲಿ ಬರುತ್ತದೆ.

ಹೀಗೆ ಹೋಲಿಸುವಾಗ ಒಂದು ವಿಷಯ ಖಂಡಿತ ಗಮನಿಸಿ. ಒಂದೇ ಔಷಧಿ ಎರಡು ಕಂಪನಿ ಹೆಸರಿನಲ್ಲಿ ಒಬ್ಬರ ಡಬ್ಬದಲ್ಲೇ ಇರುವುದು ತುಂಬಾ ಸಾಮಾನ್ಯ. ಆಸ್ಪತ್ರೆಯವರು ಟೆಲ್ಮಿಸಾರ್ಟಾನನ್ನು ಒಂದು ಹೆಸರಿನಲ್ಲಿ ಬರೆದಿರುತ್ತಾರೆ, ಮೊದಲಿನ ಡಾಕ್ಟರು ಇನ್ನೊಂದು ಹೆಸರಿನಲ್ಲಿ ಬರೆದಿದ್ದು ಹಾಗೇ ನಡೆಯುತ್ತಿರುತ್ತದೆ. ಎರಡನ್ನೂ ಕೊಟ್ಟರೆ ಬಿಪಿ ಇಳಿದು, ಬೆಳಗಿನ ಜಾವ ಬಾತ್‌ರೂಮಿಗೆ ಎದ್ದವರು ತಲೆ ಸುತ್ತಿ ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ಅದಕ್ಕೇ ಸ್ಟ್ರಿಪ್ ಮೇಲಿನ ದೊಡ್ಡ ಅಕ್ಷರದ ಹೆಸರಿಗಿಂತ, ಔಷಧಿಯ ಮೂಲ ಹೆಸರನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಜನೌಷಧಿ ಕೇಂದ್ರದಿಂದ ತರುವವರಿಗೆ ಇದು ಇನ್ನೂ ಮುಖ್ಯ, ಯಾಕಂದ್ರೆ ಹಿಂದಿನ ಸಲ ತಂದ ಮಾತ್ರೆಯ ಬಣ್ಣ, ಆಕಾರ, ಪ್ಯಾಕಿಂಗ್ ಈ ಸಲವೂ ಅದೇ ಇರುತ್ತದೆ ಅನ್ನುವ ಹಾಗಿಲ್ಲ. "ಬಿಳಿ ಮಾತ್ರೆ ಬೆಳಿಗ್ಗೆ, ಹಳದಿ ಮಾತ್ರೆ ರಾತ್ರಿ" ಅನ್ನುವ ಲೆಕ್ಕ ಅಲ್ಲಿ ಕೈಕೊಡುತ್ತದೆ.

ಹಾಗಂತ ಒಂದೇ ತರಹ ಕಂಡ ಎರಡರಲ್ಲಿ ಒಂದನ್ನು ನೀವೇ ನಿಲ್ಲಿಸಬೇಡಿ. ವೈದ್ಯರಿಗೆ ಫೋನ್ ಮಾಡಿ ಕೇಳಿ, ಹೇಳಿದ್ದನ್ನು ದಿನಾಂಕ ಸಮೇತ ಬರೆದಿಡಿ, ಅವರು ಮುಂದಿನ ಸಲ ಬಂದಾಗ ಸಹಿ ಹಾಕಿಸಿಕೊಳ್ಳಿ.

ಅವಧಿ ಬಗ್ಗೆ ಒಂದು ಮಾತು. ಸ್ಟ್ರಿಪ್ ಮೇಲೆ 08/2027 ಅಂತ ಇದ್ದರೆ ಆ ಆಗಸ್ಟ್ ತಿಂಗಳ ಕೊನೆಯ ದಿನದವರೆಗೆ ಕೊಡಬಹುದು. ಆಗಸ್ಟ್ 1ಕ್ಕೆ ಮುಗಿಯಿತು ಅಂತಲ್ಲ.

ಹೆಜ್ಜೆ 2: ಜಾಗ ಆರಿಸಿ

ನಮ್ಮಲ್ಲಿ ಸಿಗುವ ಬಹಳಷ್ಟು ಮಾತ್ರೆಗಳ ಮೇಲೆ 25 ಅಥವಾ 30 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಿ ಅಂತ ಬರೆದಿರುತ್ತದೆ. ಕೆಲವದರ ಮೇಲೆ ತಂಪಾದ ಜಾಗದಲ್ಲಿ ಇಡಿ ಅಂತ ಇಂಗ್ಲಿಷಿನಲ್ಲಿ ಇರುತ್ತದೆ. ಅದನ್ನು ನೋಡಿ ಕೆಲವರು ಮಾತ್ರೆಗಳನ್ನೆಲ್ಲ ಫ್ರಿಜ್‌ಗೆ ತುಂಬುತ್ತಾರೆ. ಹಾಗೆ ಮಾಡಬೇಡಿ. ಔಷಧಿಗಳ ಗುಣಮಟ್ಟ ಹೇಳುವ ಅಧಿಕೃತ ಗ್ರಂಥವಾದ ಭಾರತೀಯ ಫಾರ್ಮಕೋಪಿಯಾ ಪ್ರಕಾರ ತಂಪು ಜಾಗ ಅಂದರೆ 8ರಿಂದ 25 ಡಿಗ್ರಿ. ಫ್ರಿಜ್‌ನಲ್ಲಿ ಇಡಬೇಕಾದದ್ದರ ಮೇಲೆ 2ರಿಂದ 8 ಡಿಗ್ರಿ ಅಂತ ಅಂಕಿಯಲ್ಲೇ ಇರುತ್ತದೆ. ಸುಮ್ನೆ ಫ್ರಿಜ್‌ನಲ್ಲಿಟ್ಟ ಮಾತ್ರೆಗೆ ಒಳಗೆ ಹೊರಗೆ ಓಡಾಡಿ ತೇವ ಹಿಡಿಯುತ್ತದೆ.

ಊರು ನೋಡಿ ಜಾಗ ಆರಿಸಬೇಕು. ಕಲಬುರಗಿ, ರಾಯಚೂರು ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ, ಶೀಟಿನ ಮನೆಯಾದರೆ ಒಳಗೂ ಅಷ್ಟೇ. ಅಲ್ಲಿ ಕಪಾಟು ಕೆಳಗಿನ ಮಹಡಿಯಲ್ಲಿ, ಪಶ್ಚಿಮದ ಬಿಸಿಲು ಬೀಳದ ಒಳಗೋಡೆಗೆ ಇರಬೇಕು. ಬೇಸಿಗೆಯ ಆ ಎರಡು ತಿಂಗಳಾದರೂ ಕೋಣೆಗೆ ಏರ್ ಕೂಲರ್ ಬದಲು ಎಸಿ ಹಾಕಲು ಆಗುತ್ತದಾ ನೋಡಿ, ಕೂಲರ್ ತೇವ ಏರಿಸುತ್ತದೆ. ಮಂಗಳೂರು, ಉಡುಪಿ, ಕಾರವಾರ, ಮಲೆನಾಡು, ಕೊಡಗಿನಲ್ಲಿ ಸಮಸ್ಯೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ, ನೆಲದಿಂದ ಎತ್ತರಿಸಿ, ಒಳಗೆ ಸಿಲಿಕಾ ಜೆಲ್ ಚೀಲ ಇಟ್ಟು ಆಗಾಗ ಬದಲಿಸಿ. ಬೆಂಗಳೂರು, ಮೈಸೂರಿನವರಿಗೆ ಹವಾಮಾನ ಸ್ವಲ್ಪ ಕರುಣೆ ತೋರಿಸಿದೆ, ಆದರೆ ಅಲ್ಲೂ ಮಾರ್ಚ್‌ನಿಂದ ಮೇವರೆಗೆ ನೋಡುತ್ತಿರಬೇಕು.

ಎಲ್ಲಿ ಇಡಬಾರದು ಅನ್ನುವುದು ಎಲ್ಲ ಊರಿಗೂ ಒಂದೇ: ಅಡುಗೆಮನೆ, ಬಾತ್‌ರೂಮ್, ಕಿಟಕಿ ಕಟ್ಟೆ, ಇನ್ವರ್ಟರ್ ಮೇಲೆ, ಫ್ರಿಜ್ ತಲೆಯ ಮೇಲೆ. ಕೊನೆಯದು ತುಂಬಾ ಕಡೆ ನಡೆಯುತ್ತದೆ. ಫ್ರಿಜ್ ಹೊರಮೈ ಬಿಸಿ ಬಿಡುತ್ತಲೇ ಇರುತ್ತದೆ, ಮುಟ್ಟಿ ನೋಡಿದರೆ ಗೊತ್ತಾಗುತ್ತದೆ.

ಕೋಣೆಯ ಉಷ್ಣಾಂಶ ಮತ್ತು ತೇವಾಂಶ ಎರಡನ್ನೂ ತೋರಿಸುವ ಡಿಜಿಟಲ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ತಂದು ಕಪಾಟಿನೊಳಗೇ ಇಡಿ, ಹೊರಗೆ ಗೋಡೆಗೆ ಹಾಕಬೇಡಿ. ತೇವಾಂಶ ಶೇಕಡಾ 60ರ ಒಳಗಿದ್ದರೆ ನೆಮ್ಮದಿ. ಮಧ್ಯಾಹ್ನ 3 ಗಂಟೆಗೆ ನೋಡಿ ಬರೆಯಿರಿ, ದಿನದ ಅತಿ ಹೆಚ್ಚು ಸೆಕೆ ಆಗಲೇ ಇರುತ್ತದೆ.

ಇನ್ನು, ಕಪಾಟಿನ ಪಕ್ಕ ಒಳ್ಳೆಯ ಬೆಳಕು ಬೇಕು. ಸಣ್ಣಕ್ಷರ ಓದಲಾಗದ ಮಂಕು ಬಲ್ಬಿನ ಕೆಳಗೆ ಯಾರೂ ಮಾತ್ರೆ ತೆಗೆಯಬಾರದು.

ಹೆಜ್ಜೆ 3: ಒಬ್ಬರಿಗೆ ಒಂದು ಡಬ್ಬ

ಕಾಯಿಲೆವಾರು ಇಡುವ ಪದ್ಧತಿ, ಅಂದರೆ ಬಿಪಿದೆಲ್ಲ ಒಂದು ಕಡೆ, ಶುಗರ್‌ದೆಲ್ಲ ಒಂದು ಕಡೆ ಅನ್ನುವುದು, ಮೆಡಿಕಲ್ ಶಾಪಿಗೆ ಸರಿ. ಆಶ್ರಮಕ್ಕೆ ಬೇಡವೇ ಬೇಡ. ವ್ಯಕ್ತಿವಾರು ಇಡಿ. ಮುಚ್ಚಳ ಇರುವ, ಒಳಗಿರುವುದು ಕಾಣುವ ಪ್ಲಾಸ್ಟಿಕ್ ಡಬ್ಬ ಸಾಕು.

ಡಬ್ಬದ ಮೇಲೆ ಪೂರ್ತಿ ಹೆಸರು, ಇತ್ತೀಚಿನ ಫೋಟೋ, ಹುಟ್ಟಿದ ವರ್ಷ, ಯಾವ ಔಷಧಿಗೆ ಅಲರ್ಜಿ ಅನ್ನುವುದು ಇರಲಿ. ಕೋಣೆ ನಂಬರ್ ಒಂದನ್ನೇ ನಂಬಬೇಡಿ. ಹಿರಿಯರು ಕೋಣೆ ಬದಲಿಸುತ್ತಾರೆ, ಮಂಚ ಬದಲಿಸುತ್ತಾರೆ. ಒಂದೇ ಆಶ್ರಮದಲ್ಲಿ ಇಬ್ಬರು ಲಕ್ಷ್ಮಮ್ಮ, ಇಬ್ಬರು ನಾರಾಯಣಪ್ಪ ಇರುವುದು ಹೊಸದೇನಲ್ಲ ಅಲ್ವಾ? ಅಂಥವರ ಡಬ್ಬಗಳನ್ನು ಒಂದೇ ಸಾಲಿನಲ್ಲಿ ಇಡಬೇಡಿ, ಬಣ್ಣವೂ ಬೇರೆ ಇರಲಿ.

ಆರೈಕೆ ಮಾಡುವ ಹುಡುಗಿಯರು, ಹುಡುಗರು ಈಗ ಎಲ್ಲೆಲ್ಲಿಂದಲೋ ಬಂದಿರುತ್ತಾರೆ. ಕೆಲವರಿಗೆ ಕನ್ನಡ ಓದಲು ಬರುವುದಿಲ್ಲ, ಕೆಲವರಿಗೆ ಇಂಗ್ಲಿಷ್ ಕಷ್ಟ. ಅದಕ್ಕೆ ಯಾರಿಗೆ ಯಾವಾಗ ಏನು ಅಂತ ತೋರಿಸುವ ಚಾರ್ಟ್ ಮೇಲೆ ವೈದ್ಯರು ಬರೆಯುವ 1-0-1 (ಬೆಳಿಗ್ಗೆ-ಮಧ್ಯಾಹ್ನ-ರಾತ್ರಿ) ಪದ್ಧತಿಯನ್ನೇ ಇಡಿ, ಜೊತೆಗೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ, ಊಟಕ್ಕೆ ಮೊದಲು ಖಾಲಿ ತಟ್ಟೆ, ಊಟದ ನಂತರ ತುಂಬಿದ ತಟ್ಟೆ ಚಿತ್ರ ಬರೆಯಿರಿ. ಔಷಧಿಯ ಹೆಸರನ್ನು ಮಾತ್ರ ಸ್ಟ್ರಿಪ್ ಮೇಲೆ ಹೇಗಿದೆಯೋ ಹಾಗೆಯೇ ಅದೇ ಲಿಪಿಯಲ್ಲಿ ಬರೆಯಿರಿ, ಕಣ್ಣಿನಿಂದ ಹೋಲಿಸಲು ಸುಲಭ.

ಮಾತ್ರೆ ಸ್ಟ್ರಿಪ್‌ನಲ್ಲೇ ಇರಲಿ. ವಾರದ ಮಾತ್ರೆ ಡಬ್ಬಿಗೆ ಮೊದಲೇ ಬಿಡಿಸಿ ತುಂಬಿಡುವುದು ಕೆಲಸ ಹಗುರ ಮಾಡುತ್ತದೆ ನಿಜ, ಆದರೆ ಬಿಡಿಸಿದ ಕ್ಷಣ ಹೆಸರು, ಬ್ಯಾಚ್, ಅವಧಿ ಎಲ್ಲ ಕಳೆದುಹೋಗುತ್ತದೆ. ಮೂರ್ಛೆ ರೋಗಕ್ಕೆ ಕೊಡುವ ಸೋಡಿಯಂ ವಾಲ್ಪ್ರೋಯೇಟ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಡಾಬಿಗಾಟ್ರಾನ್ ಥರದವು ಗಾಳಿಯ ತೇವಕ್ಕೇ ಹಾಳಾಗುತ್ತವೆ, ಅವನ್ನು ಬಾಯಿಗೆ ಹಾಕುವ ಹೊತ್ತಿಗೇ ಬಿಡಿಸಬೇಕು. ಥೈರಾಯ್ಡ್ ಮಾತ್ರೆ ಬಾಟಲಿಯಲ್ಲಿ ಬರುತ್ತದೆ, ಬೆಳಕಿಗೂ ತೇವಕ್ಕೂ ಸೂಕ್ಷ್ಮ. ಬೇಕಾದ ಒಂದನ್ನು ಮುಚ್ಚಳಕ್ಕೆ ಬೀಳಿಸಿಕೊಂಡು ಆಮೇಲೆ ತಕ್ಷಣ ಬಿಗಿಯಾಗಿ ಮುಚ್ಚಿ. ಒದ್ದೆ ಬೆರಳು ಒಳಗೆ ಹಾಕಬೇಡಿ.

ಸ್ಟ್ರಿಪ್ ಕತ್ತರಿಸಬೇಕಾಗಿ ಬಂದರೆ ಅವಧಿ ಮುದ್ರಿಸಿದ ತುದಿ ಕೊನೆಯವರೆಗೂ ಉಳಿಯುವಂತೆ ಇನ್ನೊಂದು ತುದಿಯಿಂದ ಬಳಸುತ್ತಾ ಬನ್ನಿ. ಒಂದೊಂದೇ ಮಾತ್ರೆ ಕತ್ತರಿಸಿ ಹಾಳೆ ಸಮೇತ ಬಟ್ಟಲಿಗೆ ಹಾಕಿ ಕೊಡಲೇಬೇಡಿ. ಕಣ್ಣು ಮಂಜಾದವರು, ಮರೆವಿನ ಕಾಯಿಲೆ ಇರುವವರು ಅದನ್ನು ಹಾಗೇ ನುಂಗುತ್ತಾರೆ. ಆ ಚೂಪು ಮೂಲೆ ಅನ್ನನಾಳವನ್ನು ಸೀಳಬಲ್ಲದು.

ಹೆಸರಿನ ಗೊಂದಲ, ಹತ್ತಿರದಿಂದ

ಇದಕ್ಕೆ ಪ್ರತ್ಯೇಕವಾಗಿ ನಿಲ್ಲಲೇಬೇಕು. ಟೆಲ್ಮಾ 40, ಟೆಲ್ಮಾ ಎಚ್, ಟೆಲ್ಮಾ ಎಎಂ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ದೂರದಿಂದ ಕಾಣುವುದು "ಟೆಲ್ಮಾ" ಮಾತ್ರ. ಮೊದಲನೆಯದರಲ್ಲಿ ಟೆಲ್ಮಿಸಾರ್ಟಾನ್ ಒಂದೇ, ಎರಡನೆಯದರಲ್ಲಿ ಜೊತೆಗೆ ನೀರು ಹೊರಹಾಕುವ ಔಷಧಿ, ಮೂರನೆಯದರಲ್ಲಿ ಅಮ್ಲೋಡಿಪಿನ್. ಗ್ಲೈಕೋಮೆಟ್ 500 ಬರೀ ಮೆಟ್‌ಫಾರ್ಮಿನ್, ಗ್ಲೈಕೋಮೆಟ್ ಜಿಪಿ ಅಂದರೆ ಜೊತೆಗೆ ಗ್ಲಿಮೆಪಿರೈಡ್. ಊಟ ಸರಿಯಾಗಿ ಮಾಡದ ಅಜ್ಜನಿಗೆ ಮೊದಲನೆಯದರ ಬದಲು ಎರಡನೆಯದು ಹೋದರೆ ಶುಗರ್ ಇಳಿದು ಪ್ರಜ್ಞೆ ತಪ್ಪಬಹುದು. ಹೆಸರಿನ ಬಾಲದಲ್ಲಿರುವ ಆ ಒಂದೆರಡು ಅಕ್ಷರಕ್ಕೆ ಹೈಲೈಟರ್‌ನಿಂದ ಬಣ್ಣ ಬಳಿಯಿರಿ.

ಎಲ್ಲಕ್ಕಿಂತ ಹೆದರಬೇಕಾದ ಜೋಡಿ ಫೋಲಿಟ್ರಾಕ್ಸ್ ಮತ್ತು ಫೋಲ್ವೈಟ್. ಎರಡೂ "ಫೋಲ್" ಅಂತಲೇ ಶುರು, ಎರಡೂ ಒಬ್ಬರ ಚೀಟಿಯಲ್ಲೇ ಇರಬಹುದು. ಫೋಲ್ವೈಟ್ ಫೋಲಿಕ್ ಆಸಿಡ್, ವಿಟಮಿನ್. ಫೋಲಿಟ್ರಾಕ್ಸ್ ಅಂದರೆ ಮೆಥೋಟ್ರೆಕ್ಸೇಟ್. ಕೀಲುವಾತಕ್ಕೆ ವಾರಕ್ಕೆ ಒಂದೇ ದಿನ ಕೊಡುವ ಔಷಧಿ ಅದು. ಅದನ್ನು ತಪ್ಪಿ ದಿನಾ ಕೊಟ್ಟರೆ ಮೂಳೆಮಜ್ಜೆ ಕುಸಿಯುತ್ತದೆ, ಬಾಯಿ ಹುಣ್ಣಾಗುತ್ತದೆ, ಜೀವವೇ ಹೋಗಬಹುದು. ಆದ್ದರಿಂದ ಮೆಥೋಟ್ರೆಕ್ಸೇಟ್ ಯಾರ ದಿನದ ಡಬ್ಬದಲ್ಲೂ ಇರಬಾರದು. ಬೀಗದ ಕಪಾಟಿನಲ್ಲಿ ಬೇರೆ ಲಕೋಟೆ, ಅದರ ಮೇಲೆ ಹೆಸರು ಮತ್ತು "ಭಾನುವಾರ ಮಾತ್ರ" ಥರ ವೈದ್ಯರು ಹೇಳಿದ ವಾರದ ಹೆಸರು. ಆ ದಿನ ಹಿರಿಯ ನರ್ಸ್ ಒಬ್ಬರೇ ಅದನ್ನು ತೆಗೆದುಕೊಡಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಹೃದಯಕ್ಕೆ ಕೊಡುವ ಡಿಗಾಕ್ಸಿನ್‌ಗೂ ಕೆಂಪು ಪಟ್ಟಿ ಹಾಕಿ, ಇಬ್ಬರು ನೋಡಿ ಕೊಡಿ.

ಹೆಜ್ಜೆ 4: ಫ್ರಿಜ್ ಮತ್ತು ಇನ್ಸುಲಿನ್

ಔಷಧಿಗೇ ಒಂದು ಸಣ್ಣ ಫ್ರಿಜ್ ಇರಲಿ. ದೋಸೆ ಹಿಟ್ಟು, ಮೊಸರು, ಹೂವಿನ ಜೊತೆ ಇನ್ಸುಲಿನ್ ಇಟ್ಟರೆ ಬಾಗಿಲು ದಿನಕ್ಕೆ ನೂರು ಸಲ ತೆರೆಯುತ್ತದೆ, ಒಳಗಿನ ತಂಪು ನಿಲ್ಲುವುದಿಲ್ಲ. ಬೇರೆ ಫ್ರಿಜ್ ಸಾಧ್ಯವೇ ಇಲ್ಲವೆಂದರೆ ಮಧ್ಯದ ಅರೆಯಲ್ಲಿ ಬೀಗವಿರುವ ಡಬ್ಬದೊಳಗಾದರೂ ಇಡಿ.

ಬಾಗಿಲಿನಲ್ಲಿ ಇಡಬೇಡಿ. ಐಸ್ ಬಾಕ್ಸ್ ಕೆಳಗೂ, ಹಿಂಭಾಗದ ಗೋಡೆಗೆ ತಾಗಿಸಿಯೂ ಇಡಬೇಡಿ. ಬಿಸಿಗಿಂತ ಹೆಪ್ಪುಗಟ್ಟುವುದು ಇನ್ಸುಲಿನ್‌ಗೆ ಜಾಸ್ತಿ ಕೆಟ್ಟದ್ದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿಯಾಗೇ ಕಾಣಬಹುದು, ಆದರೂ ಅದನ್ನು ಬಳಸಬಾರದು. ಒಳಗೆ ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ನೆನಪಿಟ್ಟುಕೊಳ್ಳುವ ಥರ್ಮಾಮೀಟರ್ ಇಡಿ, ಬೆಳಿಗ್ಗೆ ಸಂಜೆ ಬರೆಯಿರಿ. ಅಂಕಿ 2ರಿಂದ 8ರ ನಡುವೆ ಇರಬೇಕು. ಬರೆದ ಹಾಳೆಯಲ್ಲಿ ದಿನಾ 5, 5, 5 ಅಂತಲೇ ಇದ್ದರೆ ಯಾರೂ ನೋಡದೆ ತುಂಬುತ್ತಿದ್ದಾರೆ ಅಂತ ಅರ್ಥ, ಕೂತು ಮಾತಾಡಿ.

ತೆರೆಯದ ಇನ್ಸುಲಿನ್ ಫ್ರಿಜ್‌ನಲ್ಲಿ. ಬಳಸಲು ಶುರು ಮಾಡಿದ್ದನ್ನು ಕೋಣೆಯ ಉಷ್ಣಾಂಶದಲ್ಲಿ, 25ರಿಂದ 30 ಡಿಗ್ರಿ ಒಳಗೆ, ಹೆಚ್ಚಿನವನ್ನು 28 ದಿನ ಇಡಬಹುದು. ಕೆಲವು ಹೊಸ ಬಗೆಯವಕ್ಕೆ ಅವಧಿ ಬೇರೆ ಇರುತ್ತದೆ, ಪೆಟ್ಟಿಗೆಯೊಳಗಿನ ಹಾಳೆ ಓದಿ. ತೆರೆದ ದಿನಾಂಕ, ಬಿಸಾಡುವ ದಿನಾಂಕ ಎರಡನ್ನೂ ಬಾಟಲಿ ಮೇಲೆಯೇ ಬರೆಯಿರಿ, ಮುಚ್ಚಳದ ಮೇಲಲ್ಲ. ಮುಚ್ಚಳ ಅದಲು ಬದಲಾಗುತ್ತದೆ.

ಕರೆಂಟ್ ಹೋದರೆ ಮೊದಲ ಕೆಲಸ ಬಾಗಿಲು ತೆರೆಯದಿರುವುದು. ಮನೆ ಇನ್ವರ್ಟರ್‌ಗೆ ಸಾಮಾನ್ಯವಾಗಿ ಫ್ರಿಜ್ ಜೋಡಿಸಿರುವುದಿಲ್ಲ. ಅದಕ್ಕೇ ಖಾಲಿ ಅರೆಗಳಲ್ಲಿ ನೀರು ತುಂಬಿದ ಬಾಟಲಿ ಇಟ್ಟಿರಿ, ಅದು ತಂಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಕರೆಂಟ್ ಬಂದಾಗ ಗರಿಷ್ಠ ಅಂಕಿ ನೋಡಿ. ಕೆಲವು ಗಂಟೆ 8 ದಾಟಿ 20ರ ಆಸುಪಾಸಿಗೆ ಹೋಗಿದ್ದರೆ ಇನ್ಸುಲಿನ್ ಬಿಸಾಡಬೇಕಿಲ್ಲ. ಅವತ್ತಿನ ದಿನಾಂಕ ಬರೆದು, ತೆರೆದ ಬಾಟಲಿಯಂತೆ ಲೆಕ್ಕ ಹಾಕಿ ಮೊದಲು ಬಳಸಿ ಮುಗಿಸಿ. ಅನುಮಾನವಿದ್ದರೆ ಫಾರ್ಮಸಿಸ್ಟ್‌ಗೆ ಕೇಳಿ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬಳಕೆಯಲ್ಲಿರುವ ಇನ್ಸುಲಿನ್‌ಗೆ ಮಣ್ಣಿನ ಗಡಿಗೆ ಒಳ್ಳೆಯ ಉಪಾಯ. ಒಂದು ಗಡಿಗೆಯೊಳಗೆ ಇನ್ನೊಂದು, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಬಟ್ಟೆ. ಒಣ ಸೆಕೆಯಲ್ಲಿ ನೀರು ಬೇಗ ಆವಿಯಾಗಿ ಒಳಗೆ ತಂಪಾಗುತ್ತದೆ. ಬಾಟಲಿ ಒದ್ದೆಯಾಗದಂತೆ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿಡಿ, ಥರ್ಮಾಮೀಟರ್ ಕೂಡ ಒಳಗೇ ಇರಲಿ. ಕರಾವಳಿಯಲ್ಲಿ ಇದು ಅಷ್ಟು ಕೆಲಸ ಮಾಡುವುದಿಲ್ಲ, ಗಾಳಿಯಲ್ಲೇ ನೀರು ತುಂಬಿರುವಾಗ ಆವಿಯಾಗುವುದು ಎಲ್ಲಿಂದ?

ಈಗ ಸಿರಿಂಜಿನ ವಿಷಯ. ಇದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ. ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುವುದೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. 40ರದ್ದಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ರದ್ದಕ್ಕೆ ಕಿತ್ತಳೆ ಮುಚ್ಚಳದ್ದು. 20 ಯೂನಿಟ್ ಕೊಡಬೇಕು ಅಂದುಕೊಳ್ಳಿ. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಎರಡೂವರೆ ಪಟ್ಟು! ತಿರುಗಾ ಮುರುಗಾ ಆದರೆ ಬರೀ 8 ಯೂನಿಟ್. ಅದಕ್ಕೆ ಬಾಟಲಿ ಮತ್ತು ಅದಕ್ಕೆ ಹೊಂದುವ ಸಿರಿಂಜು ಒಂದೇ ಡಬ್ಬದಲ್ಲಿ ಇರಲಿ, ಎರಡು ಬಗೆಯ ಸಿರಿಂಜು ಒಂದೇ ಡ್ರಾಯರ್‌ನಲ್ಲಿ ಇರದಿರಲಿ. ಆಶ್ರಮದಲ್ಲಿ ಎಲ್ಲರಿಗೂ ಒಂದೇ ಬಗೆಯದನ್ನು ಬರೆಯಲು ವೈದ್ಯರು ಒಪ್ಪಿದರೆ ತುಂಬಾ ಒಳ್ಳೆಯದು. ಇನ್ಸುಲಿನ್ ಪೆನ್ನಿನೊಳಗಿನ ಔಷಧಿ ಕೊಳವೆ, ಅಂದರೆ ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಂದಿಗೂ ಎಳೆಯಬೇಡಿ. ಒಬ್ಬರ ಪೆನ್ನನ್ನು ಸೂಜಿ ಬದಲಿಸಿದರೂ ಇನ್ನೊಬ್ಬರಿಗೆ ಬಳಸಬೇಡಿ, ಕಾರ್ಟ್ರಿಜ್ ಒಳಗೆ ರಕ್ತ ಹಿಂದಕ್ಕೆ ಬಂದಿರಬಹುದು.

ಕೊಡುವ ಮೊದಲು ಬೆಳಕಿಗೆ ಹಿಡಿದು ನೋಡಿ. ರೆಗ್ಯುಲರ್ ಮತ್ತು ಗ್ಲಾರ್ಜಿನ್ ಬಗೆಯ ಇನ್ಸುಲಿನ್ ನೀರಿನಂತೆ ತಿಳಿಯಾಗಿರಬೇಕು. ಮಿಕ್ಸ್‌ಟಾರ್ಡ್ ಥರದವು ಅಂಗೈಗಳ ನಡುವೆ ಹೊರಳಿಸಿದಾಗ ಸಮನಾಗಿ ಹಾಲಿನಂತೆ ಆಗಬೇಕು. ಗಂಟು, ಗೋಡೆಗೆ ಅಂಟಿದ ಕಣ ಕಂಡರೆ ಬೇಡ.

ಫ್ರಿಜ್ ಪಕ್ಕದ ಗೂಡಿನಲ್ಲಿ ಗ್ಲೂಕೋಸ್ ಪುಡಿ ಮತ್ತು ಗ್ಲೂಕೋಮೀಟರ್ ಯಾವಾಗಲೂ ಇರಲಿ, ಅದಕ್ಕೆ ಬೀಗ ಬೇಡ.

ಹೆಜ್ಜೆ 5: ಯಾವುದಕ್ಕೆ ಬೀಗ, ಯಾವುದಕ್ಕೆ ಬೇಡ

ಎಲ್ಲಕ್ಕೂ ಒಂದೇ ಬೀಗ ಹಾಕುವುದು ಸುರಕ್ಷಿತ ಅನಿಸುತ್ತದೆ. ರಾತ್ರಿ 2 ಗಂಟೆಗೆ ಎದೆನೋವು ಬಂದಾಗ ಕೀಲಿ ಇರುವವರು ಮಲಗಿದ್ದರೆ? ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್, ಉಬ್ಬಸದ ಇನ್ಹೇಲರ್, ಗ್ಲೂಕೋಸ್ ಇವು ಕೀಲಿ ಇಲ್ಲದೆ ಸಿಗಬೇಕು. ತಿಳಿವಳಿಕೆ ಚೆನ್ನಾಗಿರುವ ಹಿರಿಯರಾದರೆ ವೈದ್ಯರನ್ನು ಕೇಳಿ ಅವರ ಹತ್ತಿರವೇ ಇರಲಿ. ಮರೆವಿನ ಕಾಯಿಲೆ ಇರುವವರು ಓಡಾಡುವ ಕಡೆಯಾದರೆ ನರ್ಸ್ ಕೂರುವ ಮೇಜಿನ ಎತ್ತರದ ಗೂಡಿನಲ್ಲಿ ಇಡಿ.

ಉಳಿದ ಡಬ್ಬಗಳಿರುವ ಕಪಾಟಿಗೆ ಮಾಮೂಲು ಬೀಗ. ಅದರೊಳಗೆ ಇನ್ನೊಂದು ಬೀಗದ ಗೂಡು ಬೇಕು, ನಿದ್ದೆ ಮತ್ತು ನೋವಿನ ಕೆಲವು ಔಷಧಿಗಳಿಗೆ. ಆಲ್ಪ್ರಜೋಲಾಮ್, ಡಯಜೆಪಾಮ್, ಜೋಲ್ಪಿಡೆಮ್, ಟ್ರಮಡಾಲ್ ಇವು ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಈ ನಿಯಮದಂತೆ ಔಷಧಿ ಅಂಗಡಿಯವರು ಇವನ್ನು ಮಾರಿದ ಲೆಕ್ಕವನ್ನು ಬೇರೆ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು. ಅಂಗಡಿಗೇ ಅಷ್ಟು ಕಟ್ಟುನಿಟ್ಟು ಇರುವಾಗ ನಾವೂ ಒಂದು ನೋಟ್‌ಬುಕ್ ಇಡುವುದು ನ್ಯಾಯ. ಪ್ರತಿ ಶಿಫ್ಟ್ ಬದಲಾಗುವಾಗ ಹೋಗುವವರು, ಬರುವವರು ಇಬ್ಬರೂ ಒಟ್ಟಿಗೆ ಎಣಿಸಿ ಸಹಿ ಹಾಕಲಿ. ಯಾರ ಮೇಲೂ ಅನುಮಾನವಿಲ್ಲದೆ ಮಾಡುವ ಲೆಕ್ಕ ಇದು, ಸಿಬ್ಬಂದಿಗೆ ಮೊದಲೇ ಹಾಗಂತ ಹೇಳಿ. ಮಾತ್ರೆ ಕಡಿಮೆ ಬಂದಾಗ ಬಡ ಆಯಾ ಮೇಲೆ ಬೊಟ್ಟು ಮಾಡುವುದನ್ನು ಈ ಪುಸ್ತಕವೇ ತಪ್ಪಿಸುತ್ತದೆ.

ಮಾರ್ಫಿನ್ ವಿಷಯ ಬೇರೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ಬರುತ್ತದೆ, ದಾಸ್ತಾನು ಇಡಲು ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳಿಗಷ್ಟೇ ಅವಕಾಶ. ಕ್ಯಾನ್ಸರ್ ಇರುವ ಹಿರಿಯರಿಗೆ ಅಂಥ ಕೇಂದ್ರದಿಂದ ಬರೆದುಕೊಟ್ಟ ಮಾರ್ಫಿನ್ ಮಾತ್ರ ಆಶ್ರಮದಲ್ಲಿ ಇರಬಹುದು, ಅವರ ಹೆಸರಿನಲ್ಲಿ, ಅವರ ಚೀಟಿಯ ಜೊತೆಗೆ, ಎರಡು ಬೀಗದೊಳಗೆ. ಹೆದರಿ ಮಾರ್ಫಿನ್ ಬೇಡ ಅನ್ನಬೇಡಿ. ನೋವಿನಲ್ಲಿ ನರಳುವವರಿಗೆ ಅದು ಬೇಕು.

ಕೀಲಿ ಡ್ಯೂಟಿಯಲ್ಲಿರುವವರ ಮೈಮೇಲೇ ಇರಲಿ. ಮೊಳೆಗೆ ತೂಗುಹಾಕಿದ ಕೀಲಿ ಬೀಗ ಇಲ್ಲದ್ದಕ್ಕೆ ಸಮ. ಎರಡನೆಯ ಕೀಲಿ ಸೀಲ್ ಮಾಡಿದ ಲಕೋಟೆಯಲ್ಲಿ ಮ್ಯಾನೇಜರ್ ಬಳಿ ಇರಲಿ.

ಫಿನಾಯಿಲ್, ಡೆಟಾಲ್, ಬೆಟಾಡೀನ್, ನೋವಿನ ಎಣ್ಣೆ, ಕರ್ಪೂರದ ಎಣ್ಣೆ ಇವು ಕುಡಿಯುವ ಸಿರಪ್ ಇರುವ ಅರೆಯಲ್ಲಿ ಬೇಡ. ಹಚ್ಚುವುದೆಲ್ಲ ಬೇರೆ ಕಪಾಟಿನಲ್ಲಿ. ಜ್ಯೂಸ್ ಬಾಟಲಿಗೆ ಫಿನಾಯಿಲ್ ತುಂಬಿಡುವ ಅಭ್ಯಾಸ ನಿಮ್ಮಲ್ಲಿದ್ದರೆ ಇವತ್ತೇ ನಿಲ್ಲಿಸಿ.

ಹೆಜ್ಜೆ 6: ದಿಂಬಿನ ಕೆಳಗೆ, ಟ್ರಂಕಿನ ಒಳಗೆ

ಎಷ್ಟೇ ಚೆಂದದ ಕಪಾಟು ಮಾಡಿದರೂ ಹಿರಿಯರ ಟ್ರಂಕಿನಲ್ಲಿ ಇನ್ನೊಂದು ಔಷಧಾಲಯ ಇರುತ್ತದೆ. ಮಗಳು ತಂದುಕೊಟ್ಟ ಅಶ್ವಗಂಧ ಚೂರ್ಣ, ಮಂಡಿನೋವಿಗೆ ಯಾರೋ ಹೇಳಿದ ಮಾತ್ರೆ, ಅರಿಷ್ಟದ ಬಾಟಲಿ, ಡೋಲೋ 650, "ಬೇಡ" ಅಂತ ಉಗುಳಿ ಸೆರಗಿಗೆ ಕಟ್ಟಿಕೊಂಡ ಬೆಳಗಿನ ಮಾತ್ರೆ. ಇಲ್ಲಿ ಪೊಲೀಸರಂತೆ ತಪಾಸಣೆ ಮಾಡಬೇಡಿ. ಇಡೀ ಮನೆ ಬಿಟ್ಟು ಬಂದವರಿಗೆ ಉಳಿದಿರುವುದು ಆ ಟ್ರಂಕೊಂದೇ. ಅವರನ್ನೇ ಕೂರಿಸಿಕೊಂಡು, "ಅಮ್ಮಾ, ಡಾಕ್ಟರಿಗೆ ತೋರಿಸೋಣ, ಎರಡೂ ಕೂಡಿ ಬರುತ್ತಾ ಕೇಳೋಣ" ಅಂತ ಹೇಳಿ, ಅವರ ಕೈಯಿಂದಲೇ ತೆಗೆಸಿ. ಆಯುರ್ವೇದದ್ದನ್ನೂ ಚಾರ್ಟ್‌ನಲ್ಲಿ ಬರೆಯಿರಿ. ಡೋಲೋ ಅಂಥದ್ದು ವಿಶೇಷವಾಗಿ ನೋಡಿ: ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಎಲ್ಲ ಕೂಡಿದರೆ ಲಿವರ್‌ಗೆ ಭಾರ.

ಮನೆಯವರಿಗೆ ಗೇಟಿನಲ್ಲೇ ಒಂದು ಬೋರ್ಡ್ ಹಾಕಿ: ಔಷಧಿ, ಚೂರ್ಣ, ಎಣ್ಣೆ ಏನೇ ತಂದರೂ ನರ್ಸ್ ಕೈಗೆ ಕೊಡಿ. ಹಬ್ಬದ ದಿನಗಳಲ್ಲಿ ಇದನ್ನು ಬಾಯಿಮಾತಲ್ಲೂ ಹೇಳಬೇಕಾಗುತ್ತದೆ.

ಹೆಜ್ಜೆ 7: ತೆರೆದ ದಿನ ಬರೆಯಿರಿ, ತಿಂಗಳಿಗೊಮ್ಮೆ ನೋಡಿ

ಕಣ್ಣಿನ ಡ್ರಾಪ್ಸ್ ತೆರೆದ ಮೇಲೆ ಸಾಮಾನ್ಯವಾಗಿ 4 ವಾರ, ಹಾಳೆಯಲ್ಲಿ ಬೇರೆ ಇದ್ದರೆ ಅದರಂತೆ. ಗ್ಲೂಕೋಮಾಕ್ಕೆ ಹಾಕುವ ಲಾಟಾನೋಪ್ರಾಸ್ಟ್ ತೆರೆಯುವ ಮೊದಲು ಫ್ರಿಜ್‌ನಲ್ಲಿ ಇಡಬೇಕಾದದ್ದು. ನೀರು ಬೆರೆಸಿದ ಆಂಟಿಬಯೋಟಿಕ್ ಸಿರಪ್ ಹೆಚ್ಚಾಗಿ 7 ದಿನ. ಕಲಸಿದ ಓಆರ್‌ಎಸ್ 24 ಗಂಟೆ. ಒಬ್ಬರ ಡ್ರಾಪ್ಸ್, ಒಬ್ಬರ ಮುಲಾಮು ಇನ್ನೊಬ್ಬರಿಗೆ ಬೇಡ.

ತಿಂಗಳ ಮೊದಲ ಭಾನುವಾರ ಎಲ್ಲ ಡಬ್ಬ ತೆರೆದು ನೋಡಿ. ಮುಂದಿನ 3 ತಿಂಗಳಲ್ಲಿ ಅವಧಿ ಮುಗಿಯುವುದಕ್ಕೆ ಕೆಂಪು ಚುಕ್ಕೆ ಇಟ್ಟು ಮುಂದಕ್ಕೆ ತನ್ನಿ. ಹೊಸ ಸ್ಟ್ರಿಪ್ ಹಿಂದೆ, ಹಳೆಯದು ಮುಂದೆ.

ಹೆಜ್ಜೆ 8: ದಾನ ಬಂದದ್ದು, ಉಳಿದದ್ದು, ಬಿಸಾಡುವುದು

ತಂದೆ ತಾಯಿ ತೀರಿಕೊಂಡ ಮೇಲೆ ಮಕ್ಕಳು ಉಳಿದ ಮಾತ್ರೆಗಳನ್ನು ಚೀಲದಲ್ಲಿ ತಂದು ಆಶ್ರಮಕ್ಕೆ ಕೊಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾರೆ. ಆದರೂ ಕೈಮುಗಿದು ಬೇಡ ಅನ್ನಿ. ಆ ಸ್ಟ್ರಿಪ್ ಎಷ್ಟು ದಿನ ಕಾರಿನಲ್ಲಿತ್ತು, ಕಿಟಕಿಯಲ್ಲಿತ್ತು ಅನ್ನುವುದು ಯಾರಿಗೂ ಗೊತ್ತಿಲ್ಲ. ಅದರ ಬದಲು ನಮ್ಮ ಹಿರಿಯರೊಬ್ಬರ ಈ ತಿಂಗಳ ಚೀಟಿಯ ಔಷಧಿಯನ್ನು ಅಂಗಡಿಯಿಂದ ಬಿಲ್ ಸಮೇತ ಕೊಡಿಸಿ ಅಂತ ಕೇಳಿ. ಹೆಚ್ಚಿನವರು ಖುಷಿಯಿಂದ ಒಪ್ಪುತ್ತಾರೆ.

ಆಶ್ರಮದಲ್ಲೇ ಯಾರಾದರೂ ತೀರಿಕೊಂಡರೆ ಅವರ ಡಬ್ಬವನ್ನು ಅವತ್ತೇ ಕಪಾಟಿನಿಂದ ತೆಗೆಯಿರಿ. ಒಳಗಿನದನ್ನು ಎಣಿಸಿ, ಬರೆದು, ಇಬ್ಬರು ಸಹಿ ಹಾಕಿ, "ಕೊಡಬಾರದು" ಡಬ್ಬಕ್ಕೆ ಹಾಕಿ. ದುಬಾರಿ ಮಾತ್ರೆ, ಅವಧಿ ಇದೆ, ಪಕ್ಕದ ಮಂಚದವರಿಗೂ ಅದೇ ಬೇಕು ಅನ್ನುವ ಒತ್ತಡ ಬರುತ್ತದೆ. ದುಡ್ಡಿನ ಕಷ್ಟ ನಿಜ. ಆದರೆ ಹೆಸರಿಲ್ಲದ ಮಾತ್ರೆ ಕಪಾಟಿಗೆ ಬರುವುದೇ ಈ ಬಾಗಿಲಿನಿಂದ.

ಬಿಸಾಡಲು ಕಸದ ಗಾಡಿ ದಾರಿಯಲ್ಲ, ಹಿತ್ತಿಲಲ್ಲಿ ಸುಡುವುದೂ ಅಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಅವಧಿ ಮುಗಿದ ಔಷಧಿ ಹಳದಿ ಚೀಲಕ್ಕೆ, ಸೂಜಿಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ, ಗಾಜಿನ ಖಾಲಿ ಬಾಟಲಿ ನೀಲಿಗೆ ಹೋಗಬೇಕು. ನರ್ಸಿಂಗ್ ಹೋಮ್‌ಗಳಿಗೆ ಇದನ್ನು ಒಯ್ಯುವ ಏಜೆನ್ಸಿಯ ಜೊತೆ ಒಪ್ಪಂದ ಇರುತ್ತದೆ. ಆಶ್ರಮದವರು ಹತ್ತಿರದ ಆಸ್ಪತ್ರೆಯ ಜೊತೆ ಮಾತಾಡಿ, ತಿಂಗಳಿಗೊಮ್ಮೆ ಅವರ ಹಳದಿ ಚೀಲಕ್ಕೆ ನಮ್ಮದನ್ನೂ ಸೇರಿಸಲು ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ತಡಮಾಡಲಾಗದ ಕೆಲವು ಇವೆ. 2025ರಲ್ಲಿ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ, ತೀವ್ರ ನೋವಿಗೆ ಕೊಡುವ ಫೆಂಟನಿಲ್, ಮಾರ್ಫಿನ್, ಟ್ರಮಡಾಲ್, ಡಯಜೆಪಾಮ್ ಸೇರಿ 17 ಔಷಧಿಗಳನ್ನು ಉಳಿದರೆ ಟಾಯ್ಲೆಟ್‌ಗೆ ಹಾಕಿ ನೀರು ಬಿಡಲು ಹೇಳುತ್ತದೆ. ತಪ್ಪಿ ಯಾರಾದರೂ ಒಂದು ನುಂಗಿದರೂ ಜೀವಕ್ಕೆ ಅಪಾಯ ಅನ್ನುವ ಕಾರಣಕ್ಕೆ. ಉಳಿದ ಯಾವ ಮಾತ್ರೆಯನ್ನೂ ಹಾಗೆ ಮಾಡಬೇಡಿ. ಫೆಂಟನಿಲ್ ಪ್ಯಾಚ್ ಮೈಮೇಲಿಂದ ತೆಗೆದ ಮೇಲೂ ಅದರಲ್ಲಿ ಔಷಧಿ ಉಳಿದಿರುತ್ತದೆ. ಅಂಟಿನ ಭಾಗ ಒಳಗೆ ಬರುವಂತೆ ಮಡಚಿ, ಕೈ ತೊಳೆದು, ತೆಗೆದ ಹೊತ್ತು ಪುಸ್ತಕದಲ್ಲಿ ಬರೆಯಿರಿ.

ಚೀಲಕ್ಕೆ ಹಾಕುವ ಮೊದಲು ಮಾತ್ರೆಯ ಸ್ಟ್ರಿಪ್‌ಗಳನ್ನು ಕತ್ತರಿಯಿಂದ ಅಡ್ಡ ಕತ್ತರಿಸಿ, ಸಿರಪ್ ಬಾಟಲಿಯ ಲೇಬಲ್ ಮೇಲೆ ಮಾರ್ಕರ್ ಗೀಟು ಎಳೆಯಿರಿ. ಹಾಗೇ ಬಿಟ್ಟರೆ ಅದು ಯಾರದೋ ಕೈಗೆ ಸಿಕ್ಕಿ ಮತ್ತೆ ಮಾರಾಟಕ್ಕೆ ಬರಬಹುದು. ಎಷ್ಟು ಸ್ಟ್ರಿಪ್, ಯಾವ ಔಷಧಿ, ಯಾರಿಗೆ ಒಪ್ಪಿಸಿದಿರಿ, ಯಾವ ದಿನ, ಇಷ್ಟನ್ನು ಅದೇ ನೋಟ್‌ಬುಕ್‌ನ ಹಿಂದಿನ ಪುಟಗಳಲ್ಲಿ ಬರೆದು, ಒಯ್ದವರ ಸಹಿ ತೆಗೆದುಕೊಳ್ಳಿ.